ಹಣಕಾಸಿನ ನೆರವಿರುವ ಪಿಎಚ್.ಡಿ. ಸ್ಥಾನವನ್ನು ಹುಡುಕುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಸಂಶೋಧನೆಯಲ್ಲೇ ಮುಂದುವರಿಯುವ ಆಸೆಯಿದೆ, ಆದರೆ ಮನೆಯವರ ಮೇಲೆ ಖರ್ಚಿನ ಭಾರ ಹಾಕಲಾರೆ. ಜರ್ಮನಿಯಲ್ಲಿ ಪೂರ್ಣ ವಿದ್ಯಾರ್ಥಿವೇತನದ ಸೀಟು ಕೊಡಿಸುತ್ತೇವೆಂದು ಕನ್ಸಲ್ಟೆನ್ಸಿಯೊಂದು ಮುಂಗಡ ಕೇಳುತ್ತಿದೆ. ನಂಬಬಹುದೇ? ಇಲ್ಲಿಯೇ ಮಾಡುವುದಾದರೆ ಎಲ್ಲಿಂದ ಆರಂಭಿಸಲಿ?

ಉತ್ತರ 1:
ದಯವಿಟ್ಟು ಆ ಮುಂಗಡ ಕೊಡಬೇಡಿ. ಪಿಎಚ್.ಡಿ.ಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವವರು ಮಾರ್ಗದರ್ಶಕರು ಮತ್ತು ಅವರ ವಿಭಾಗದವರು. ಮಧ್ಯವರ್ತಿಗಳಿಗೆ ಅಲ್ಲಿ ಕೆಲಸವಿಲ್ಲ.

ನಿಮ್ಮ ವಿಷಯಕ್ಕೆ ಭಾರತದಲ್ಲಿರುವ ಮುಖ್ಯ ದಾರಿ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪ್ರಗತಿ ಪರಿಶೀಲನೆಯ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದರೆ 42,000 ರೂಪಾಯಿ ಮತ್ತು ನಿಯಮಾನುಸಾರ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಈ ಫೆಲೋಶಿಪ್ ನಿಮ್ಮ ಹೆಸರಿಗೇ ಬರುವುದರಿಂದ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಹೆಚ್ಚು. ಆದರೆ ಜೆಆರ್‌ಎಫ್ ಬಾರದೆ ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ ದೊರೆತರೆ ಅದರೊಂದಿಗೆ ಹಣ ಬರುವುದಿಲ್ಲ. ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಿ. ಗೇಟ್ ಪರೀಕ್ಷೆಯನ್ನೂ ಬರೆಯಿರಿ, ಭಾರತೀಯ ವಿಜ್ಞಾನ ಸಂಸ್ಥೆಗೂ ಐಐಟಿಗಳಿಗೂ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದಾರಿಯೆಂದರೆ ಪ್ರಾಧ್ಯಾಪಕರ ಸಂಶೋಧನಾ ಯೋಜನೆಯಲ್ಲಿ ಜೆಆರ್‌ಎಫ್ ಹುದ್ದೆಗೆ ಸೇರುವುದು. ಇಲ್ಲಿ ಎಚ್ಚರ ಬೇಕು, ಏಕೆಂದರೆ ಈ ಹಣ ಯೋಜನೆಗೆ ಸೇರಿದ್ದು, ಯೋಜನೆ ಮುಗಿದ ದಿನ ಅದೂ ನಿಲ್ಲುತ್ತದೆ. ಯೋಜನೆಯಲ್ಲಿ ಎಷ್ಟು ಕಾಲ ಉಳಿದಿದೆ, ಪಿಎಚ್.ಡಿ. ನೋಂದಣಿಗೆ ಅವಕಾಶವಿದೆಯೇ, ಹಣ ನಿಂತ ಮೇಲೆ ವಿಭಾಗವೇನು ಮಾಡುತ್ತದೆ ಎಂಬುದನ್ನು ಸಂದರ್ಶನದಲ್ಲಿಯೇ ಸಂಕೋಚವಿಲ್ಲದೆ ಕೇಳಿ. ಹೀಗೆ ಕೇಳಿದ್ದಕ್ಕೆ ಬೇಸರಪಡುವ ಮಾರ್ಗದರ್ಶಕರ ಬಳಿ ಐದು ವರ್ಷ ಕಳೆಯುವುದು ಕಷ್ಟವೆಂದೇ ನನ್ನ ಅಭಿಪ್ರಾಯ.

ಉತ್ತರ 2:
ಜರ್ಮನಿಯ ಬಗ್ಗೆ ಎರಡು ಮಾತು. ಅಲ್ಲಿ ಪಿಎಚ್.ಡಿ. ಎಂಬುದು ಬಹುಮಟ್ಟಿಗೆ ಸೀಟಲ್ಲ, ಉದ್ಯೋಗ: ವಿಶ್ವವಿದ್ಯಾಲಯವು ಒಪ್ಪಂದ ಮಾಡಿಕೊಂಡು, ಸಾರ್ವಜನಿಕ ವೇತನ ಶ್ರೇಣಿಯ ಒಂದು ಪಾಲನ್ನು ಸಂಬಳವಾಗಿ ಕೊಡುತ್ತದೆ. ಖಾಲಿ ಸ್ಥಾನಗಳನ್ನು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ, ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧನಾ ಶಾಲೆಗಳ ಪ್ರಕಟಣೆಗಳಲ್ಲಿ ಉಚಿತವಾಗಿ ನೋಡಬಹುದು. ಹಲವು ಸಂಸ್ಥೆಗಳು ಸೇರಿ ಪಿಎಚ್.ಡಿ. ತರಬೇತಿ ಕೊಡುವ, ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ಜಾಲಗಳ ಸ್ಥಾನಗಳು ಯುರಾಕ್ಸೆಸ್ ಎಂಬ ಸಂಶೋಧನಾ ಉದ್ಯೋಗಗಳ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಅವಕ್ಕೆ ಆಯ್ಕೆಯಾಗಲು, ನೇಮಕಾತಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು, ಸ್ಥಾನ ಕೊಡುವ ಸಂಸ್ಥೆಯಿರುವ ದೇಶದಲ್ಲಿ ನೆಲೆಸಿಯೋ ಓದಿಯೋ ದುಡಿದೋ ಇರಬಾರದು, ಇದು ಭಾರತದಿಂದಲೇ ಅರ್ಜಿ ಹಾಕುವವರಿಗೆ ಅನುಕೂಲ.

ಪ್ರಾಧ್ಯಾಪಕರಿಗೆ ಪತ್ರ ಬರೆಯುವ ಮುನ್ನ ಅವರ ಇತ್ತೀಚಿನ ಪ್ರಬಂಧಗಳನ್ನು ಓದಿರಿ. ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಯಾವ ಉಪಕರಣ ಬಳಸಿದಿರಿ, ಏನು ಕಂಡುಕೊಂಡಿರಿ, ಅದು ಅವರ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂಬುದನ್ನು ಚಿಕ್ಕದಾಗಿ ತಿಳಿಸಿ. ನೂರು ಜನರಿಗೆ ಒಂದೇ ಪತ್ರ ಕಳುಹಿಸಿದರೆ ಯಾರೂ ಓದುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎಂ.ಎಸ್ಸಿ. ಫಲಿತಾಂಶ ಬರುವ ಮೊದಲೇ ನೆಟ್ ಬರೆಯಬಹುದೇ?

ಉತ್ತರ 1:
ಬರೆಯಬಹುದು, ಅಂತಿಮ ವರ್ಷದವರಿಗೂ ಅವಕಾಶವಿದೆ. ನಿಗದಿತ ಅವಧಿಯೊಳಗೆ ಅಗತ್ಯವಾದ ಅಂಕಗಳೊಂದಿಗೆ ಪದವಿ ಮುಗಿಸಿರಬೇಕು. ಜೆಆರ್‌ಎಫ್‌ನ ವಯೋಮಿತಿಯಲ್ಲಿ ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆಯೂ ಇರುವುದರಿಂದ, ಮೊದಲ ಸಲ ಆಗದಿದ್ದರೂ ಮತ್ತೆ ಬರೆಯಲು ನಿಮಗೆ ಸಾಕಷ್ಟು ಸಮಯವಿದೆ.