ಮೋಸದ ವಿರುದ್ಧ ಪದ ಎಂತ? ಮಗು ಬರ್ದದ್ದಕ್ಕೆ ತಪ್ಪು ಹಾಕ್ಲಿಕ್ಕೆ ಮನಸ್ಸು ಬರ್ತಾ ಇಲ್ಲ

ಬದಿಯಡ್ಕ ಟೀಚರ್:
ಎಲ್ರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ರ ಕನ್ನಡ ಮೀಡಿಯಂನಲ್ಲಿ 5ನೇ ಕ್ಲಾಸಿಗೆ ಪಾಠ ಮಾಡೋದು. ನಿನ್ನೆ ವಿರುದ್ಧ ಪದ ಬರೀಲಿಕ್ಕೆ ಕೊಟ್ಟಿದ್ದೆ, ಒಬ್ಬ ಹುಡುಗ ಮೋಸ × ಒಳ್ಳೆದು ಅಂತ ಬರ್ದಿದ್ದಾನೆ. ಕೆಂಪು ಪೆನ್ನು ತೆಗ್ದವಳು ಅಲ್ಲೇ ನಿಂತೆ, ಯಾಕಂದ್ರೆ ಅವ್ನ ಮನೇಲಿ ಮಲಯಾಳ, ಮಲಯಾಳದಲ್ಲಿ ಮೋಶಂ ಅಂದ್ರೆ ಕೆಟ್ಟದ್ದು ಅಂತ ಅಲ್ವಾ, ಹಾಗೆ ನೋಡಿದ್ರೆ ಅವ ಬರ್ದದ್ದು ಸರಿಯೇ. ನಾವು ಮೋಸ ಮಾಡಿದ ಅನ್ನುವ ಕಡೆ ಅವ್ರು ಚತಿಚ್ಚು, ಪಟ್ಟಿಚ್ಚು ಅಂತಾರೆ. ಸರಿ, ಹಾಗಾದ್ರೆ ಸರಿ ಉತ್ತರ ಎಂತ? ಪ್ರಾಮಾಣಿಕತೆ ಅಂತ ಬರ್ದು ಕೊಡ್ಬಹುದು, ಆದ್ರೆ ಆ ಪದ ನಮ್ಮ ಮನೆ ಜಗಲೀಲಿ ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಅವ ಮೋಸ ಮಾಡಿದ ಅಂತೇವೆ, ಮಾಡದವ ಎಂತ ಮಾಡಿದ ಅಂತ ಹೇಳುದು?

ಅಡಕೆ ತೋಟ, ಮಂಜೇಶ್ವರ:
ಟೀಚರೇ ಈ ಮೋಶಂ ನಮ್ಮಲ್ಲಿ ಒಂದು ದೊಡ್ಡ ಜಗಳವೇ ಮಾಡಿಸಿದೆ. ನನ್ನ ಮಾವ ಸಾಗರ ಕಡೆಯವರು, ಒಂದು ಸಲ ನನ್ನೊಟ್ಟಿಗೆ ಅಡಕೆ ಕೊಡ್ಲಿಕ್ಕೆ ಬಂದಿದ್ರು, ಚಾಲಿ (ಒಣಗಿಸಿ ಸುಲಿದ ಅಡಕೆ) ಒಟ್ಟಿಗೆ ಸ್ವಲ್ಪ ಕರಿಗೋಟು (ಕಪ್ಪಾದ ಕೀಳು ಅಡಕೆ) ಸೇರಿತ್ತು, ಅಂಗಡಿಯವ ಗೋಣಿಗೆ ಕೈ ಹಾಕಿ ನೋಡಿ ಇದು ಮೋಶಂ ಅಂದ ಅಷ್ಟೆ, ಮಾವ ಗೋಣಿ ಎಳ್ಕೊಂಡು ಹೊರಟೇಬಿಟ್ರು, ಈ ವಯಸ್ಸಿನವರೆಗೆ ನನ್ನನ್ನ ಯಾರೂ ಮೋಸಗಾರ ಅಂದದ್ದಿಲ್ಲ ಅಂತ. ಅವ ಹೇಳಿದ್ದು ಮಾಲಿಗೆ, ಇವ್ರು ತೆಕ್ಕೊಂಡದ್ದು ಮೈಮೇಲೆ. ಬಿಡಿಸಿ ಹೇಳುವಷ್ಟೊತ್ತಿಗೆ ಸಾಕೋ ಸಾಕು ಆಯ್ತು.

ಪಟ್ಟಿಚ್ಚು ದೂರದ ಪದ ಅಲ್ಲ. ಹಳೆಗನ್ನಡದ ಪತ್ತು, ಈಗಿನ ಹತ್ತು (ಸಂಖ್ಯೆ ಅಲ್ಲ, ಅಂಟಿಕೊಳ್ಳು ಅನ್ನುವ ಅರ್ಥದ್ದು), ತುಳುವಿನ ಪತ್ತುನಿ (ಹಿಡಿಯುವುದು), ಎಲ್ಲ ಒಂದೇ ಬೇರು. ಮೋಸ ಮಾಡಿದ ಅನ್ನುದಕ್ಕೆ ನಾವು ಮಾತಾಡುವಾಗ ಮಂಗ ಮಾಡಿದ ಅಂತೇವೆ.

ತಾಳವಾಡಿಯಿಂದ:
ನಮ್ ಕಡೆ ಮನೇಲಿ ಕನ್ನಡ, ಸಂತೇಲಿ ತಮಿಳು. ತಮಿಳಲ್ಲಿ ಮೋಸಂ ಅಂದ್ರೆ ಎರಡೂ, ಕೆಟ್ಟಿರೋದೂ ಹೌದು ವಂಚನೇನೂ ಹೌದು, ಹಂಗಾಗಿ ಆ ಮಗೂನ ತಪ್ಪು ಅನ್ಬೇಡಿ ಮೇಡಂ. ಇನ್ನೊಂದು ಪದ ನೋಡಿ, ಏಮಾರು. ಸ್ವಲ್ಪ ಯಾಮಾರಿದ್ರೂ ಹೋಯ್ತು ಅಂತೀವಲ್ಲ, ಅಲ್ಲಿ ಯಾರೂ ಮೋಸ ಮಾಡಿಲ್ಲ, ನಾವೇ ಮೈಮರೆತಿದ್ದು. ತಮಿಳ್ನಲ್ಲಿ ಏಮಾಟ್ರಂ ಅಂದ್ರೆ ನಿರಾಸೆ. ಹಂಗಾದ್ರೆ ಏಮಾರೋದಕ್ಕೆ ವಿರುದ್ಧ ಸತ್ಯ ಅಲ್ಲ, ಎಚ್ಚರ! ಕೈಕೊಟ್ಟ ಅನ್ನೋದಕ್ಕೆ ಕೈಹಿಡಿದ. ಕಣ್ಣಿಗೆ ಮಣ್ಣೆರಚಿದ ಅನ್ನೋದಕ್ಕೆ ಕಣ್ಣು ತೆರೆಸಿದ. ದ್ರೋಹಕ್ಕೆ ನಿಷ್ಠೆ. ಎಲ್ಲದಕ್ಕೂ ಒಂದೇ ಪದ ಹುಡುಕಿದ್ರೆ ಸಿಕ್ಕಲ್ಲ ಅನ್ಸುತ್ತೆ ನಂಗೆ.

ಅಕ್ಕಲಕೋಟ ಮಂದಿ:
ನಮ್ಮ ಕಡಿ ಮೋಸಕ್ಕ ದಗಾ ಅಂತಾರ್ರಿ, ಮರಾಠ್ಯಾಗೂ ಅದs. ಸುಳ್ಳಿನ ಎದುರಿಗೆ ಖರೇ. ಖೊಟ್ಟಿ ರೊಕ್ಕ ಅಂದ್ರ ನಡೀಲಾರದ್ದು, ಕೆಟ್ಟದ್ದೂ ಸುಳ್ಳೂ ಎರಡೂ ಅದರಾಗ ಬಂತ್ ನೋಡ್ರಿ. ನಿಮ್ಮ ಹುಡುಗ ಭಾಳ ದೂರ ಏನ್ ಹೋಗಿಲ್ಲ.

ಕುಂಬಳೆ ತಾಳಮದ್ದಳೆ:
ಸತ್ಯ ಅಂತ ಮಾತ್ರ ಬರೆಸ್ಬೇಡಿ ಟೀಚರ್. ಕುರುಕ್ಷೇತ್ರದಲ್ಲಿ ಆನೆ ಸತ್ತದ್ದು ನಿಜವೇ, ಅಶ್ವತ್ಥಾಮ ಅನ್ನುವ ಹೆಸರೂ ನಿಜವೇ, ಆದ್ರೂ ಧರ್ಮರಾಯನ ಆ ಮಾತಿಂದ ದ್ರೋಣ ಮೋಸ ಹೋದ. ಸುಳ್ಳು ಹೇಳದೆಯೂ ವಂಚಿಸ್ಲಿಕ್ಕೆ ಆಗ್ತದೆ. ನನಗೆ ಕೇಳಿದ್ರೆ ನಿಯತ್ತು. ಅರಬ್ಬಿಯಿಂದ ಬಂದ ಪದ, ಅಲ್ಲಿ ಅದಕ್ಕೆ ಮನಸ್ಸಿನ ಉದ್ದೇಶ ಅಂತ ಅರ್ಥ, ಮೋಸ ಇರುದೂ ಅಲ್ಲೇ ಅಲ್ವಾ. ಮತ್ತೆ ಆಡುಮಾತು ಕೂಡ, ನಾಯಿಗಿರುವ ನಿಯತ್ತು ಅಂತ ಅಜ್ಜಿಯಂದಿರೂ ಹೇಳ್ತಾರೆ.

ಬದಿಯಡ್ಕ ಟೀಚರ್:
ನಿಯತ್ತು ನನಗೆ ಹೊಳೆದೇ ಇರ್ಲಿಲ್ಲ, ತುಂಬ ಉಪಕಾರ ಆಯ್ತು ಎಲ್ರಿಂದ. ಗೀಟು ಹಾಕ್ಲಿಲ್ಲ. ಅವ್ನ ಪುಸ್ತಕದಲ್ಲಿ ಮೋಶಂ × ಒಳ್ಳೆದು, ಅದರ ಕೆಳಗೆ ಮೋಸ × ನಿಯತ್ತು ಅಂತ ಎರಡನ್ನೂ ಬರ್ದು ಕೊಟ್ಟೆ. ಮತ್ತೆ ಇಡೀ ಕ್ಲಾಸಿಗೆ, ಕೈಕೊಟ್ಟ ಅನ್ನುದಕ್ಕೆ ನಿಮ್ಮ ಮನೆ ಭಾಷೆಯಲ್ಲಿ ಎಂತ ಹೇಳ್ತಾರೆ ಅಂತ ಅಜ್ಜ ಅಜ್ಜಿ ಹತ್ರ ಕೇಳ್ಕೊಂಡು ಬರ್ಲಿಕ್ಕೆ ಹೇಳಿದ್ದೇನೆ, ತುಳು ಮಕ್ಕಳೂ ಇದ್ದಾರೆ, ಮರಾಠಿ ಮನೆಯ ಒಬ್ಳೂ ಇದ್ದಾಳೆ. ಸೋಮವಾರ ಬಂದದ್ದನ್ನೆಲ್ಲ ಇಲ್ಲಿ ಹಾಕ್ತೇನೆ.