ಆಶ್ರಮದಲ್ಲಿರುವ ಅಮ್ಮನಿಗೆ ಔಷಧಿ ಸರಿಯಾಗಿ ಹೋಗ್ತಿದೆಯಾ? ಅನುಭವ ಇದ್ದವರು ಹೇಳಿ

ಅಮ್ಮನನ್ನು ಶಿವಮೊಗ್ಗದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ದೇವೆ. ಬಿಪಿ, ಥೈರಾಯ್ಡ್ ಇದೆ, ಶುಗರ್‌ಗೆ ಮಾತ್ರೆ, ಇನ್ಸುಲಿನ್ ಎರಡೂ ಇದೆ. ನಾವು ಹೊಸನಗರದ ಕಡೆಯವರು, ಮಳೆಗಾಲದಲ್ಲಿ ಪದೇ ಪದೇ ಹೋಗಿಬರಲು ಆಗುವುದಿಲ್ಲ. ಹೋದಾಗ ಏನೇನು ನೋಡಬೇಕು?

ತೀರ್ಥಹಳ್ಳಿಯಿಂದ:
ಮೊದಲು ಔಷಧಿ ಕೊಟ್ಟು ಸಹಿ ಹಾಕುವ ಹಾಳೆ ಕೇಳಿ. ಬೆಳಿಗ್ಗೆಯೇ ರಾತ್ರಿ ಮಾತ್ರೆಗೂ ಸಹಿ ಬಿದ್ದಿದ್ದರೆ ಆ ಹಾಳೆ ನಂಬಬೇಡಿ. ನುಂಗಿದ್ದನ್ನು ನೋಡಿದ ಮೇಲೆ ಸಹಿ ಹಾಕಬೇಕು, ಅಲ್ವಾ?

ನಮ್ಮ ಅತ್ತೆಗೆ ತೊಂದರೆ ಆದದ್ದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಆಶ್ರಮಕ್ಕೆ ವಾಪಸ್ ಬಂದಾಗ. ಹೊಸ ಚೀಟಿಯಲ್ಲಿದ್ದ ಬಿಪಿ ಮಾತ್ರೆಯ ಹೆಸರು ಬೇರೆ, ಹಳೇ ಡಬ್ಬಿಯಲ್ಲಿದ್ದದ್ದರ ಹೆಸರು ಬೇರೆ, ಒಳಗಿನ ಔಷಧಿ ಮಾತ್ರ ಎರಡರಲ್ಲೂ ಟೆಲ್ಮಿಸಾರ್ಟನ್. ಎರಡನ್ನೂ ಕೊಟ್ಟರು. ಎದ್ದು ನಿಂತರೆ ತಲೆಸುತ್ತು, ಕೇಳಿದರೆ ವಯಸ್ಸಾಯ್ತಲ್ಲ ಅಂದರು. ನಾದಿನಿ ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಿದ ಮೇಲೆಯೇ ಗೊತ್ತಾಯಿತು. ಅದಕ್ಕೇ ಕಂಪನಿ ಇಟ್ಟ ಹೆಸರಿನ ಜೊತೆ ಔಷಧಿಯ ಹೆಸರನ್ನೂ ಬರೆದು ಒಂದೇ ಪಟ್ಟಿ ಮಾಡಿ. ಏನಾದರೂ ಬದಲಾದರೆ ಡಾಕ್ಟರಿಗೆ ತೋರಿಸಿ ಹೊಸದು ಬರೆಸಿ, ಹಳೆಯದನ್ನು ಅಲ್ಲಿಂದ ತೆಗೆಸಿಬಿಡಿ. ಜನೌಷಧಿ ಕೇಂದ್ರದಿಂದ ತರುವುದಾದರೆ ಈ ಪಟ್ಟಿ ಬೇಕೇ ಬೇಕು.

ಸಾಗರದಿಂದ, ನಾನು ನರ್ಸ್:
ಅಕ್ಕ, ಇನ್ಸುಲಿನ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವುದೂ ಸಿಗುತ್ತದೆ, 100 ಇರುವುದೂ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ, ಜೀವಕ್ಕೇ ಅಪಾಯ. ಬಾಟಲಿ, ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಅಮ್ಮ ಊಟ ಬಿಟ್ಟ ದಿನ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಡಿ.

ಇನ್ನೊಂದು ವಿಷಯ. ನುಂಗಲು ಕಷ್ಟ ಅಂತ ಎಸ್‌ಆರ್, ಎಕ್ಸ್‌ಆರ್ (SR, XR) ಅಂತ ಹೆಸರಿನ ಜೊತೆ ಬರೆದಿರುವ ಮಾತ್ರೆಯನ್ನೂ ಪುಡಿ ಮಾಡಿ ಗಂಜಿಗೆ ಹಾಕಿಬಿಡುತ್ತಾರೆ. ನಿಧಾನವಾಗಿ ಬಿಡಬೇಕಾದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ಹಾಗೆ ಮಾಡಬೇಡಿ ಅಂತ ಹೇಳಿ, ಬೇರೆ ರೂಪದ್ದು ಕೊಡಿ ಅಂತ ಡಾಕ್ಟರನ್ನು ಕೇಳಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆಯಾದರೂ ಮೊದಲು. ಕ್ಯಾಲ್ಸಿಯಂ ಇದ್ದರೆ ನಾಲ್ಕು ಗಂಟೆ ಬಿಟ್ಟು.

ಕೊಪ್ಪದಿಂದ:
ನಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಹೋಗಿ ಫ್ರಿಡ್ಜ್ ನಿಲ್ಲುತ್ತದೆ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಇಡಲೇಬಾರದು. ಯುಪಿಎಸ್ ಇದೆಯಾ ಕೇಳಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಯಲ್ಲಿಟ್ಟರೆ ತೇವಕ್ಕೆ ಕೆಡುತ್ತವೆ, ಯಾವುದು ಯಾವುದು ಅಂತಲೂ ತಿಳಿಯುವುದಿಲ್ಲ. ಅಮ್ಮನ ಹೆಸರಿನವರು ಅಲ್ಲಿ ಇನ್ನೊಬ್ಬರು ಇದ್ದರೆ ಹಾಳೆಗೆ ಅಮ್ಮನ ಫೋಟೋ ಅಂಟಿಸಿಕೊಡಿ.