ಸಹಾಯ ಬೇಕು: ಕಸುಬಿನ ಒಳಮರ್ಮ ಬಲ್ಲವರಿಗೆ ಏನೆಂದು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಕೈಮಗ್ಗದ ನೇಕಾರರ ಕುರಿತು ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಇಳಕಲ್ಲ ಸೀರೆಯ ಒಡಲಿನ ಹಾಸುನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳಿಗೆ, ಸೆರಗಿನ ರೇಷ್ಮೆ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ಹಿರಿಯ ನೇಕಾರರೊಬ್ಬರು ಮಗ್ಗದ ಮುಂದೆ ಕೂಡಿಸಿಕೊಂಡು ತೋರಿಸಿದರು. ಕೂಲಿಯ ಲೆಕ್ಕ, ಸಾಹುಕಾರರೊಂದಿಗಿನ ವ್ಯವಹಾರ, ಹೊರಗಿನವರ ಮುಂದೆ ಆಡದ ಮಾತುಗಳು, ಎಲ್ಲವನ್ನೂ ಬಲ್ಲವರು ಅವರು. ಇಂಥವರನ್ನು ಬರಹದಲ್ಲಿ ಏನೆಂದು ಕರೆಯಬೇಕೆಂಬುದೇ ನನ್ನ ತೊಡಕು.

‘ಮಾಹಿತಿದಾರ’, ‘ಬಾತ್ಮೀದಾರ’ ಎಂದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವರ ನೆನಪಾಗುತ್ತದೆ. ‘ಮನೆಭೇದಿ’ಯಂತೂ ದ್ರೋಹದ ಮಾತು, ಅವರ ಹೆಸರಿನ ಹತ್ತಿರವೂ ಅದು ಸುಳಿಯಬಾರದು. ಜಾನಪದ ಅಧ್ಯಯನದ ‘ವಕ್ತೃ’ ಗೌರವದ ಪದವೇ ಆದರೂ ಹೇಳುವವರೆಂಬ ಅರ್ಥಕ್ಕೇ ನಿಲ್ಲುತ್ತದೆ. ‘ಒಳಗಿನವರು’ ಎಂದರೆ ಸಮುದಾಯಕ್ಕೆ ಸೇರಿದವರೆಂದಾಗುತ್ತದೆ, ಆದರೆ ಸೇರಿದವರೆಲ್ಲ ಮರ್ಮ ಬಲ್ಲವರಾಗಿರುವುದಿಲ್ಲ. ನಿಘಂಟುಗಳನ್ನು ತಿರುವಿ ಹಾಕಿದೆ, ಪ್ರಾಧ್ಯಾಪಕರನ್ನೂ ವಿಚಾರಿಸಿದೆ, ಸಮಾಧಾನವಾಗಲಿಲ್ಲ.

ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯ ನೇಕಾರ ಮನೆತನದವರು ದಯವಿಟ್ಟು ತಿಳಿಸಿ: ಕಸುಬಿನ ಒಳಹೊರಗನ್ನೆಲ್ಲ ಬಲ್ಲ ಹಿರಿಯರನ್ನು ನಿಮ್ಮ ಮನೆಗಳಲ್ಲಿ ಯಾವ ಮಾತಿನಿಂದ ಕರೆಯುತ್ತೀರಿ, ಮತ್ತು ಅದನ್ನು ಬರಹದಲ್ಲಿ ಬಳಸಿದರೆ ಅವರಿಗೆ ಒಪ್ಪಿಗೆಯಾಗುತ್ತದೆಯೇ?